ಕ್ರಿಯಾಪದದ ಬೆನ್ನಿಗೆ ನಿಂತ ಪುಟ್ಟ ಪದಗಳು: ಇಂಗ್ಲಿಷಿನ ಒಂದು ಚರಿತ್ರೆ

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಗೆಳೆಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂಬತ್ತನೇ ತರಗತಿಯ ಕರಿಹಲಗೆ. ಅದರ ಎಡಬದಿಯಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದರ ಕೆಳಗೊಂದು ಬರೆದಿದ್ದರು: ಪುಟ್ ಆನ್, ಪುಟ್ ಆಫ್, ಪುಟ್ ಔಟ್, ಪುಟ್ ಅಪ್ ವಿತ್. ಬಲಬದಿಯಲ್ಲಿ ಅರ್ಥ: ತೊಟ್ಟುಕೊಳ್ಳು, ಮುಂದೂಡು, ಆರಿಸು, ಸಹಿಸಿಕೊಳ್ಳು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳಿದ: "ಸಾರ್, ಪುಟ್ ಅಂದ್ರೆ ಇಡು ಅಂತ ನೀವೇ ಹೇಳಿದ್ರಲ್ಲ, ಇಲ್ಲಿ ಇಡೋದು ಎಲ್ಲಿ ಬಂತು?" ಮೇಷ್ಟ್ರು ನಕ್ಕು, "ಇದಕ್ಕೆ ರೂಲು ಇಲ್ಲ ಕಣ್ರೋ, ಬಾಯಿಪಾಠ ಮಾಡಿ" ಎಂದರು. ನಾವು ಮಾಡಿದೆವು, ಪರೀಕ್ಷೆ ಬರೆದೆವು, ಮರೆತೆವು.

ಆ ಪಟ್ಟಿಯ ಎರಡನೇ ಸಾಲು ಹಲವು ವರ್ಷಗಳ ನಂತರ ನನ್ನನ್ನು ಹಿಡಿದು ನಿಲ್ಲಿಸಿತು. ಆಗ ನಾನು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಒಂದು ಶುಕ್ರವಾರ ಸಂಜೆ ಅಮೆರಿಕದ ಗ್ರಾಹಕರಿಂದ ಒಂದು ಸಾಲಿನ ಮೇಲ್ ಬಂತು: ಪುಟ್ ಆಫ್ ದಿ ಸರ್ವರ್ ವರ್ಕ್ ಟಿಲ್ ಮಂಡೇ. ನಮ್ಮ ಹಾಸ್ಟೆಲಿನ ಗೋಡೆಯ ಮೇಲೆ ನಾಲ್ಕು ವರ್ಷ ಓದಿದ ಬರಹವೊಂದಿತ್ತು: ಹೊರಗೆ ಹೋಗುವಾಗ ಲೈಟು, ಫ್ಯಾನು ಪುಟ್ ಆಫ್ ಮಾಡಿ. ನನ್ನ ತಲೆಯಲ್ಲಿ ಉಳಿದಿದ್ದ ಅರ್ಥ ಅದೊಂದೇ. ಸೋಮವಾರದವರೆಗೆ ಸರ್ವರ್ ಆರಿಸಿಡಬೇಕು ಎಂದುಕೊಂಡು ಆರಿಸಿ ಮನೆಗೆ ಹೋದೆ. ಅವರು ಹೇಳಿದ್ದು ಸರ್ವರಿನ ದುರಸ್ತಿ ಕೆಲಸವನ್ನು ಸೋಮವಾರಕ್ಕೆ ಮುಂದೂಡಿ ಎಂದು. ಶನಿವಾರ, ಭಾನುವಾರ ಇನ್ನೊಂದು ದೇಶದಲ್ಲಿ ಕುಳಿತ ಪರೀಕ್ಷಾ ತಂಡಕ್ಕೆ ಕೆಲಸವಿಲ್ಲ. ಮಾಹಿತಿ ಏನೂ ಕಳೆದುಹೋಗಲಿಲ್ಲ, ನನ್ನ ಕೆಲಸವೂ ಉಳಿಯಿತು. ಆದರೆ ಸೋಮವಾರದ ಸಭೆಯಲ್ಲಿ ಎಲ್ಲರ ಮುಂದೆ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಕನ್ನಡ ಮೀಡಿಯಮ್ಮಾ?"

ಆ ಪ್ರಶ್ನೆ ಬಹಳ ದಿನ ಚುಚ್ಚಿತು. ಐದನೇ ತರಗತಿಯಲ್ಲಿ ಎ, ಬಿ, ಸಿ, ಡಿ ಶುರುಮಾಡಿದ ನಮ್ಮಂಥವರಿಗೆ ಈ ಸಂಕೋಚ ಹೊಸದಲ್ಲ. ಇಷ್ಟು ಸಣ್ಣ ಪದಗಳಲ್ಲಿ ಇಷ್ಟು ದೊಡ್ಡ ಗುಂಡಿ ಯಾಕಿದೆ ಎಂದು ತಿಳಿದುಕೊಳ್ಳಲು ನಿಘಂಟು ಹಿಡಿದೆ. ನಿಘಂಟಿನಿಂದ ಇಂಗ್ಲಿಷ್ ಭಾಷೆಯ ಚರಿತ್ರೆಗೆ ಬಂದೆ. ಅಲ್ಲಿ ಕಂಡದ್ದನ್ನು ನನ್ನ ಶಾಲೆಯ ಮಕ್ಕಳಿಗೆ ಹೇಳಬೇಕು ಎನ್ನುವುದೇ ಈ ಲೇಖನದ ಉದ್ದೇಶ.

ಮೊದಲು ಈ ಪದಗಳು ಮುಂದೆ ಇದ್ದವು

ಕನ್ನಡ ತರಗತಿಯಲ್ಲಿ ನಾವೆಲ್ಲ ಉಪಸರ್ಗ ಕಲಿತಿದ್ದೇವೆ. ಒಂದೇ 'ಹಾರ'ದ ಮುಂದೆ ಪ್ರ, ಆ, ವಿ, ಸಂ ಸೇರಿದರೆ ಪ್ರಹಾರ, ಆಹಾರ, ವಿಹಾರ, ಸಂಹಾರ ಆಗುತ್ತದೆ. ಸಂಸ್ಕೃತದ ಈ ಪದ್ಧತಿ ಇಂಗ್ಲಿಷಿನಲ್ಲೂ ಇತ್ತು. ಐದನೇ ಶತಮಾನದ ಹೊತ್ತಿಗೆ ಯುರೋಪಿನ ಉತ್ತರ ಕರಾವಳಿಯಿಂದ ಆಂಗಲ್ಸ್, ಸ್ಯಾಕ್ಸನ್ಸ್ ಮೊದಲಾದ ಜನ ಬ್ರಿಟನ್ ದ್ವೀಪಕ್ಕೆ ಬಂದು ನೆಲೆಸಿದರು. ಅವರ ಮಾತೇ ಹಳೆಯ ಇಂಗ್ಲಿಷ್. ಅದರಲ್ಲಿ ಕ್ರಿಯಾಪದದ ಅರ್ಥ ಬದಲಿಸಬೇಕಾದರೆ ಹೆಚ್ಚಾಗಿ ಅದರ ಮುಂದೆ ಒಂದು ಪುಟ್ಟ ಪದ ಅಂಟಿಸುತ್ತಿದ್ದರು. ಇಂದಿಗೂ ಉಳಿದಿರುವ ಅಂಡರ್‌ಸ್ಟ್ಯಾಂಡ್, ವಿತ್‌ಸ್ಟ್ಯಾಂಡ್, ಫರ್ಗಿವ್, ಫರ್ಬಿಡ್ ಆ ಕಾಲದ ಪಳೆಯುಳಿಕೆಗಳು. ಸ್ಟ್ಯಾಂಡ್ ಅಂದರೆ ನಿಲ್ಲು. ಅಂಡರ್‌ಸ್ಟ್ಯಾಂಡ್ ಅಂದರೆ ಯಾವುದರ ಕೆಳಗೂ ನಿಲ್ಲುವುದಲ್ಲ, ಅರ್ಥಮಾಡಿಕೊಳ್ಳುವುದು. ನಮ್ಮ ಪುಟ್ ಆಫ್ ಸಮಸ್ಯೆ ಸಾವಿರ ವರ್ಷದ ಹಿಂದೆಯೂ ಇತ್ತೆಂದಾಯಿತು. ಪುಟ್ಟ ಪದ ಹೆಚ್ಚಾಗಿ ಮುಂದೆ ಇರುತ್ತಿತ್ತು, ಅಷ್ಟೇ ವ್ಯತ್ಯಾಸ.

ಇಂಗ್ಲಿಷಿನ ದಾಯಾದಿಯಾದ ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಎರಡೂ ಜಾಗ ನಡೆಯುತ್ತವೆ. ಏಳು ಎನ್ನುವುದಕ್ಕೆ ನಿಘಂಟಿನಲ್ಲಿ ಔಫ್‌ಷ್ಟೇಯೆನ್ ಎಂದಿರುತ್ತದೆ. ನಾನು ಏಳುತ್ತೇನೆ ಎನ್ನುವಾಗ ಆ 'ಔಫ್' ಕಳಚಿಕೊಂಡು ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ: ಇಷ್ ಷ್ಟೇಯೆ ಔಫ್. ಹಳೆಯ ಇಂಗ್ಲಿಷಿನಲ್ಲೂ ಔಟ್, ಅಪ್ ಮೊದಲಾದವು ಕೆಲವೊಮ್ಮೆ ಹೀಗೆ ಹಿಂದೆ ಸರಿಯುತ್ತಿದ್ದವು. ಮುಂದಿನ ಬದಲಾವಣೆಗೆ ಬೀಜ ಅಲ್ಲೇ ಇತ್ತು.

ದೋಣಿಯಲ್ಲಿ ಬಂದವರು

793ರಲ್ಲಿ ಉತ್ತರದ ಸಮುದ್ರದಿಂದ ಬಂದ ವೈಕಿಂಗರು ಲಿಂಡಿಸ್‌ಫಾರ್ನ್ ದ್ವೀಪದ ಕ್ರೈಸ್ತ ಮಠವನ್ನು ಲೂಟಿ ಮಾಡಿದರು. ಮೊದಲು ಲೂಟಿಗೆ ಬಂದವರ ಹಿಂದೆ ನೆಲೆಸಲು ಬಂದವರೂ ಇದ್ದರು. ಒಂಬತ್ತನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗ ಅವರ ಆಡಳಿತದಲ್ಲಿತ್ತು. ಆ ಪ್ರದೇಶಕ್ಕೆ ಡೇನ್‌ಲಾ ಎಂದು ಹೆಸರು. ಅಲ್ಲಿ ಇಂಗ್ಲಿಷ್ ಆಡುವ ರೈತನ ಪಕ್ಕದ ಹೊಲ ನಾರ್ಸ್ ಆಡುವ ರೈತನದು. ಸಂತೆ, ಮದುವೆ, ಎತ್ತಿನ ವ್ಯಾಪಾರ ಎಲ್ಲ ಒಟ್ಟಿಗೆ. ಎರಡೂ ಹತ್ತಿರದ ಭಾಷೆಗಳಾದ್ದರಿಂದ ಪದದ ಬುಡ ಒಬ್ಬರಿಗೊಬ್ಬರಿಗೆ ತಿಳಿಯುತ್ತಿತ್ತು, ತುದಿಯ ಪ್ರತ್ಯಯಗಳು ಹೊಂದುತ್ತಿರಲಿಲ್ಲ. ಹೀಗೆ ಅರ್ಧಂಬರ್ಧ ತಿಳಿದ ಮಾತಿನಲ್ಲಿ ವ್ಯವಹಾರ ನಡೆಯುವಾಗ ಪ್ರತ್ಯಯಗಳು ಸವೆದುಹೋದವು ಎಂದು ಹಲವು ಭಾಷಾ ಚರಿತ್ರಕಾರರು ಹೇಳುತ್ತಾರೆ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದಿದೆ. ನಾರ್ಸ್ ಭಾಷೆ ಹಳೆಯ ಉಪಸರ್ಗಗಳಲ್ಲಿ ಬಹುಪಾಲನ್ನು ಅದಾಗಲೇ ಕಳೆದುಕೊಂಡಿತ್ತು. ಪುಟ್ಟ ಪದವನ್ನು ಕ್ರಿಯಾಪದದ ಹಿಂದೆ ಇಡುವುದು ಅದರ ರೂಢಿ. ಇಂಗ್ಲಿಷಿನಲ್ಲಿ ಈ ರೂಢಿ ಬಲಿಯಲು ನಾರ್ಸ್ ಸಹವಾಸವೂ ಒಂದು ಕಾರಣ ಎಂಬ ಅಭಿಪ್ರಾಯವಿದೆ. ಒಂದಂತೂ ಸಂಶಯವಿಲ್ಲ: ಇಂದು ಈ ಜೋಡಣೆಗಳಲ್ಲಿ ಎಡೆಬಿಡದೆ ದುಡಿಯುವ ಟೇಕ್, ಗೆಟ್, ಕಾಲ್ ಎನ್ನುವ ಕ್ರಿಯಾಪದಗಳು ನಾರ್ಸಿನಿಂದ ಬಂದವು. ತೆಗೆದುಕೊಳ್ಳು ಎನ್ನುವುದಕ್ಕೆ ಹಳೆಯ ಇಂಗ್ಲಿಷಿನಲ್ಲಿದ್ದ ನಿಮನ್ ಎಂಬ ಪದವನ್ನು ಟೇಕ್ ಪೂರ್ತಿಯಾಗಿ ಓಡಿಸಿತು.

ಪೀಟರ್‌ಬರೋ ಎಂಬ ಊರಿನ ಮಠದಲ್ಲಿ ಸನ್ಯಾಸಿಗಳು ವರ್ಷವಾರು ಘಟನೆಗಳನ್ನು ಬರೆದಿಡುತ್ತಿದ್ದರು. ಅದರ ಕೊನೆಯ ದಾಖಲೆ 1154ರದು. ಆ ಕೊನೆಯ ಭಾಗದಲ್ಲಿ ಬಿಟ್ಟುಕೊಡು ಎಂಬ ಅರ್ಥದ ಗಿವ್ ಅಪ್ ಕಾಣಿಸಿಕೊಳ್ಳುತ್ತದೆ. ನಾವು ಇಂದು ಆಫೀಸಿನಲ್ಲಿ ಆಡುವ ಮಾತು ಎಂಟುನೂರು ವರ್ಷಕ್ಕೂ ಹಿಂದೆ ಒಬ್ಬ ಸನ್ಯಾಸಿಯ ಲೇಖನಿಯಲ್ಲಿತ್ತು.

ಅರಮನೆಯ ಮಾತು, ಹೊಲದ ಮಾತು

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಮುಂದಿನ ಎರಡು-ಮೂರು ಶತಮಾನ ಅರಮನೆ ಮತ್ತು ನ್ಯಾಯಸ್ಥಾನಗಳಲ್ಲಿ ಫ್ರೆಂಚ್, ಧರ್ಮ ಮತ್ತು ವಿದ್ಯೆಗೆ ಲ್ಯಾಟಿನ್. ಇಂಗ್ಲಿಷ್ ಹೊಲದಲ್ಲಿ, ಅಡುಗೆಮನೆಯಲ್ಲಿ ಉಳಿಯಿತು. ಮುಂದೆ ಇಂಗ್ಲಿಷ್ ಮತ್ತೆ ಮೇಲೆ ಬಂದಾಗ ಅದರಲ್ಲಿ ಫ್ರೆಂಚ್, ಲ್ಯಾಟಿನ್ ಕ್ರಿಯಾಪದಗಳು ಸಾವಿರಗಟ್ಟಲೆ ತುಂಬಿಕೊಂಡಿದ್ದವು. ಅವು ತಮ್ಮ ಉಪಸರ್ಗಗಳನ್ನು ಹೊತ್ತೇ ಬಂದಿದ್ದವು. ಇಂಗ್ಲಿಷಿನ ಸ್ವಂತ ಉಪಸರ್ಗಗಳು ಬಹುಪಾಲು ಸತ್ತವು. ಸ್ವಂತ ಕ್ರಿಯಾಪದಗಳಿಗೆ ಹಿಂದೆ ಪದ ಸೇರಿಸುವ ದಾರಿಯೇ ಹೆದ್ದಾರಿಯಾಯಿತು.

ಹೀಗೆ ಒಂದೇ ಕೆಲಸಕ್ಕೆ ಎರಡೆರಡು ಮಾತು ನಿಂತವು. ಬೆಂಕಿ ಆರಿಸುವುದಕ್ಕೆ ಜನ ಪುಟ್ ಔಟ್ ಎಂದರೆ ಓದಿದವರು ಎಕ್ಸ್‌ಟಿಂಗ್ವಿಶ್ ಎಂದರು. ಮುಂದೂಡುವುದಕ್ಕೆ ಪುಟ್ ಆಫ್ ಮತ್ತು ಪೋಸ್ಟ್‌ಪೋನ್. ಸಹಿಸುವುದಕ್ಕೆ ಪುಟ್ ಅಪ್ ವಿತ್ ಮತ್ತು ಟಾಲರೇಟ್. ಶರಣಾಗುವುದಕ್ಕೆ ಗಿವ್ ಅಪ್ ಮತ್ತು ಸರೆಂಡರ್. ತನಿಖೆಗೆ ಲುಕ್ ಇಂಟು ಮತ್ತು ಇನ್ವೆಸ್ಟಿಗೇಟ್. ಕನ್ನಡದಲ್ಲಿ ಬಿಟ್ಟುಬಿಡು ಮತ್ತು ತ್ಯಜಿಸು, ತೆಗೆದುಹಾಕು ಮತ್ತು ನಿವಾರಿಸು ಇಲ್ಲವೇ, ಹಾಗೆ.

ಇದನ್ನು ಓದಿದಾಗ ನನ್ನ ತಪ್ಪಿನ ಬೇರು ನನಗೆ ಕಂಡಿತು. ಆ ಮೇಲ್‌ನಲ್ಲಿ ಪೋಸ್ಟ್‌ಪೋನ್ ಎಂದಿದ್ದರೆ ನಾನು ಎಡವುತ್ತಿರಲಿಲ್ಲ. ನಮ್ಮಂಥವರು ಇಂಗ್ಲಿಷ್ ಕಲಿಯುವುದು ಪುಸ್ತಕದಿಂದ. ಪುಸ್ತಕದ ಲ್ಯಾಟಿನ್ ಪದಕ್ಕೆ ಸಾಮಾನ್ಯವಾಗಿ ಒಂದೇ ಅರ್ಥ, ನಿಘಂಟಿನಲ್ಲಿ ಒಂದೇ ಜಾಗ. ಪುಟ್ ಆಫ್ ಕಲಿಯುವುದು ಮನೆಯಲ್ಲಿ, ಬೀದಿಯಲ್ಲಿ, ಆಟದ ಮೈದಾನದಲ್ಲಿ. ಆ ಮನೆ, ಆ ಬೀದಿ ನಮಗಿರಲಿಲ್ಲ. ನಾವು ವಿದ್ವಾಂಸರ ಇಂಗ್ಲಿಷನ್ನು ಮೊದಲು ಕಲಿತು, ರೈತರ ಇಂಗ್ಲಿಷಿನಲ್ಲಿ ಎಡವುತ್ತೇವೆ. ಇದು ದಡ್ಡತನವಲ್ಲ, ನಾವು ಬಂದ ದಾರಿ ಅಂಥದ್ದು.

ಪಂಡಿತರು ಏನೆಂದರು

ಹದಿನೇಳನೇ ಶತಮಾನದಲ್ಲಿ ಲ್ಯಾಟಿನ್ ಮಾದರಿಯೇ ಶ್ರೇಷ್ಠವೆಂಬ ನಂಬಿಕೆ ಬಲವಾಗಿತ್ತು. 1672ರಲ್ಲಿ ಕವಿ ಜಾನ್ ಡ್ರೈಡನ್, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಇಟ್ಟದ್ದು ದೋಷವೆಂದ. ಅದೇ ದೋಷ ತನ್ನ ಬರಹದಲ್ಲೂ ಇದೆಯೆಂದು ಕಂಡು, 1684ರಲ್ಲಿ ತನ್ನ ಹಳೆಯ ಪ್ರಬಂಧವನ್ನು ಮರುಮುದ್ರಿಸುವಾಗ ಅಂಥ ವಾಕ್ಯಗಳನ್ನು ತಿದ್ದಿದ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ತನ್ನ ವ್ಯಾಕರಣ ಪುಸ್ತಕದಲ್ಲಿ ಸ್ವಲ್ಪ ಮೆತ್ತಗೆ ಹೇಳಿದ: ಮಾತಿನಲ್ಲಿ ಹೀಗೆ ಬರುವುದು ಸಹಜ, ಗಂಭೀರ ಬರಹದಲ್ಲಿ ಮುಂದೆ ಇಡುವುದು ಚೆನ್ನ. ಪಂಡಿತರು ಏನೇ ಹೇಳಲಿ, ಜನ ತಮ್ಮ ಮಾತು ಬಿಡಲಿಲ್ಲ.

ಈ ಚರಿತ್ರೆಯಲ್ಲಿ ನನಗೆ ಬಹಳ ಹತ್ತಿರವಾದವನು ಸ್ಯಾಮ್ಯುಯೆಲ್ ಜಾನ್ಸನ್. ಲಿಚ್‌ಫೀಲ್ಡ್ ಎಂಬ ಊರಿನ ಪುಸ್ತಕ ವ್ಯಾಪಾರಿಯ ಮಗ. ಆಕ್ಸ್‌ಫರ್ಡಿಗೆ ಸೇರಿ, ಹಣವಿಲ್ಲದೆ ಪದವಿ ಮುಗಿಸದೆ ಹಿಂತಿರುಗಿದವನು. 1755ರಲ್ಲಿ ಅವನ ದೊಡ್ಡ ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಅದರ ಮುನ್ನುಡಿಯಲ್ಲಿ ಅವನು ಈ ಜೋಡಣೆಗಳನ್ನು ಪ್ರತ್ಯೇಕವಾಗಿ ಹೆಸರಿಸುತ್ತಾನೆ. ಕಮ್ ಆಫ್, ಬ್ರೇಕ್ ಆಫ್, ಸೆಟ್ ಇನ್ ಮೊದಲಾದ ಉದಾಹರಣೆ ಕೊಟ್ಟು, ಪರದೇಶದವರಿಗೆ ಅತ್ಯಂತ ಕಷ್ಟವಾಗುವುದು ಇದೇ ಎನ್ನುತ್ತಾನೆ. ಆದ್ದರಿಂದ ಇವನ್ನು ಎಚ್ಚರದಿಂದ ಸಂಗ್ರಹಿಸಿದ್ದೇನೆ, ಎಲ್ಲವೂ ಸಿಕ್ಕಿವೆ ಎನ್ನಲಾರೆ, ಬಿಟ್ಟುಹೋದವನ್ನು ಇರುವವುಗಳೊಂದಿಗೆ ಹೋಲಿಸಿ ತಿಳಿದುಕೊಳ್ಳಬಹುದು ಎಂದು ಭರವಸೆಯನ್ನೂ ಕೊಡುತ್ತಾನೆ. ಇನ್ನೂರೈವತ್ತು ವರ್ಷಕ್ಕೂ ಹಿಂದೆ ಅಷ್ಟು ದೊಡ್ಡ ಪಂಡಿತ ಇದು ಹೊರಗಿನವರಿಗೆ ಕಷ್ಟವೆಂದು ಒಪ್ಪಿ, ಅವರಿಗಾಗಿ ದುಡಿದಿದ್ದ. ಅದನ್ನು ಓದಿದ ದಿನ ಆ ಸೋಮವಾರದ ಪ್ರಶ್ನೆಯ ಮುಳ್ಳು ಅರ್ಧ ಕಳಚಿತು.

ವಿಚಿತ್ರವೆಂದರೆ ಇವಕ್ಕೆ ಇಂದು ನಾವು ಬಳಸುವ ಹೆಸರು ಬಂದದ್ದು ತೀರ ಈಚೆಗೆ. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ತನ್ನ ಪುಸ್ತಕವೊಂದರಲ್ಲಿ 'ಫ್ರೇಸಲ್ ವರ್ಬ್' ಎಂಬ ಹೆಸರನ್ನು ಬಳಸಿ, ಇದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಎಂದು ತಿಳಿಸಿದ.

1930ರಲ್ಲಿ ಸಿ. ಕೆ. ಆಗ್ಡೆನ್ ಎಂಬ ವಿದ್ವಾಂಸ ಜಗತ್ತಿನ ಜನ ಸುಲಭವಾಗಿ ಕಲಿಯಲೆಂದು 'ಬೇಸಿಕ್ ಇಂಗ್ಲಿಷ್' ರಚಿಸಿದ. ಒಟ್ಟು 850 ಪದ, ಅದರಲ್ಲಿ ಕ್ರಿಯಾಪದ 18 ಮಾತ್ರ. ಗೆಟ್, ಪುಟ್, ಟೇಕ್, ಗಿವ್‌ಗಳ ಜೊತೆ ಅಪ್, ಔಟ್, ಆಫ್ ಸೇರಿಸಿದರೆ ಉಳಿದ ಕ್ರಿಯಾಪದಗಳು ಬೇಕಿಲ್ಲ ಎಂಬುದು ಅವನ ಲೆಕ್ಕ. ಎಂಜಿನಿಯರ್ ಕಣ್ಣಿಗೆ ಇದು ಅಚ್ಚುಕಟ್ಟಾದ ವಿನ್ಯಾಸ: ಬಿಡಿಭಾಗ ಕಡಿಮೆ, ಜೋಡಣೆ ಹೆಚ್ಚು. ಆದರೆ ಕಲಿಯುವವನ ಹೊರೆ ಇಳಿಯಲಿಲ್ಲ. ಪೋಸ್ಟ್‌ಪೋನ್ ಎಂಬ ಒಂದು ಪದ ಉಳಿಸಿ, ಪುಟ್ ಆಫ್ ಎಂಬ ಜೋಡಿಯ ಅರ್ಥಗಳನ್ನು ಅವನ ತಲೆಗೆ ಹಾಕಿದಂತಾಯಿತು. ಟೀಕಾಕಾರರು ಇದನ್ನು ಆಗಲೇ ಎತ್ತಿ ತೋರಿಸಿದರು.

ಜಾಗದಿಂದ ಅರ್ಥಕ್ಕೆ

ಹಾಗಾದರೆ ಬಾಯಿಪಾಠವೊಂದೇ ದಾರಿಯೇ? ಅಲ್ಲ ಎನ್ನುವುದು ನನ್ನ ಅನುಭವ. ಈ ಪುಟ್ಟ ಪದಗಳೆಲ್ಲ ಮೊದಲು ಜಾಗ ಮತ್ತು ದಿಕ್ಕು ಹೇಳುತ್ತಿದ್ದವು. ಆಫ್ ಅಂದರೆ ತಗುಲಿದ್ದರಿಂದ ದೂರ. ಒಂದು ಕೆಲಸವನ್ನು ಇವತ್ತಿನಿಂದ ಆಚೆಗೆ ಇಟ್ಟರೆ ಅದು ಪುಟ್ ಆಫ್. ನಮ್ಮ 'ಮುಂದೂಡು' ಪದವನ್ನು ಬಿಡಿಸಿ ನೋಡಿ: ಮುಂದೆ ದೂಡು. ಚಿತ್ರ ಒಂದೇ. ಅಪ್ ಅಂದರೆ ಮೇಲೆ. ಪಾತ್ರೆ ತುಂಬುತ್ತ ನೀರು ಅಂಚಿನವರೆಗೆ ಮೇಲೇರುತ್ತದೆ. ಅದರಿಂದ ಅಪ್‌ಗೆ ಪೂರ್ತಿ ಎಂಬ ಅರ್ಥವೂ ಹೊಂದುತ್ತದೆ. ಈಟ್ ಅಪ್ ಅಂದರೆ ತಿಂದುಬಿಡು. ಕನ್ನಡದ 'ಬಿಡು' ಮಾಡುವ ಕೆಲಸವನ್ನೇ ಅಲ್ಲಿ ಅಪ್ ಮಾಡುತ್ತದೆ.

ಜೊತೆಗೆ ಒಂದು ವ್ಯತ್ಯಾಸ ತಿಳಿದಿರಬೇಕು. ಹಿಂದೆ ಬರುವ ಪದ ಎರಡು ಬಗೆ. ಟರ್ನ್ ಆಫ್‌ನಲ್ಲಿ ಆಫ್ ಕ್ರಿಯಾಪದಕ್ಕೆ ಸೇರಿದ್ದು, ನಮ್ಮ ವ್ಯಾಕರಣದ ಮಾತಿನಲ್ಲಿ ಅವ್ಯಯ. ಇಲ್ಲಿ 'ಇಟ್' ಬಂದರೆ ಮಧ್ಯದಲ್ಲೇ ಕೂರಬೇಕು: ಟರ್ನ್ ಇಟ್ ಆಫ್. ಲುಕ್ ಆಫ್ಟರ್‌ನಲ್ಲಿ ಆಫ್ಟರ್ ಪ್ರಿಪೊಸಿಷನ್. ಅದು ಮುಂದಿನ ನಾಮಪದವನ್ನು ಹಿಡಿದುಕೊಂಡಿರುತ್ತದೆ: ಲುಕ್ ಆಫ್ಟರ್ ಹಿಮ್. ಹಿಮ್ ಮಧ್ಯಕ್ಕೆ ಬಂದರೆ ತಪ್ಪು. ಹೊಸ ಜೋಡಿ ಸಿಕ್ಕಾಗಲೆಲ್ಲ ಒಂದು 'ಇಟ್' ಸೇರಿಸಿ ಎಲ್ಲಿ ಕೂರುತ್ತದೆ ಎಂದು ನೋಡುವುದು ನಾನು ಮಾಡಿಕೊಂಡ ಅಭ್ಯಾಸ.

ಯಂತ್ರಗಳ ಕಾಲ

ಹೊಸ ಯಂತ್ರ ಬಂದಾಗಲೆಲ್ಲ ಇಂಗ್ಲಿಷ್ ಹಳೆಯ ಪದಗಳನ್ನೇ ಹೊಸದಾಗಿ ಜೋಡಿಸಿತು. ಫೋನ್ ಇಡುವುದಕ್ಕೆ ಹ್ಯಾಂಗ್ ಅಪ್ ಎನ್ನುತ್ತಾರೆ. ಹಿಂದೆ ಗೋಡೆಯ ಮೇಲಿನ ಟೆಲಿಫೋನ್ ಪೆಟ್ಟಿಗೆಯ ಕೊಕ್ಕೆಗೆ ರಿಸೀವರ್ ನೇತುಹಾಕಿದರೆ ಸಂಪರ್ಕ ಕಡಿಯುತ್ತಿತ್ತು. ಕೊಕ್ಕೆ ಹೋಗಿ ಎಷ್ಟೋ ಕಾಲವಾಯಿತು, ಮಾತು ಉಳಿದಿದೆ. ನಾನು ದಿನವೂ ಮಾಡುವ ಲಾಗ್ ಇನ್‌ನ ಕಥೆ ಇನ್ನೂ ಹಳೆಯದು. ಲಾಗ್ ಅಂದರೆ ಮರದ ತುಂಡು. ನಾವಿಕರು ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡು ಕಟ್ಟಿ ಸಮುದ್ರಕ್ಕೆ ಎಸೆದು ಹಡಗಿನ ವೇಗ ಅಳೆಯುತ್ತಿದ್ದರು. ಆ ಲೆಕ್ಕ ಬರೆದಿಡುವ ಪುಸ್ತಕ ಲಾಗ್‌ಬುಕ್ ಆಯಿತು, ಲಾಗ್ ಅಂದರೆ ದಾಖಲಿಸು ಎಂದಾಯಿತು. 1960ರ ದಶಕದಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸತೊಡಗಿದಾಗ, ಒಳಗೆ ಬಂದವರ ದಾಖಲೆ ಲಾಗ್ ಇನ್, ಹೊರಗೆ ಹೋದವರದು ಲಾಗ್ ಔಟ್ ಆಯಿತು.

ನಮ್ಮ ದೇಶದ ಇಂಗ್ಲಿಷೂ ಸುಮ್ಮನೆ ಕುಳಿತಿಲ್ಲ. ಪೋಸ್ಟ್‌ಪೋನ್‌ಗೆ ಎದುರಾಗಿ ನಾವು ಪ್ರೀಪೋನ್ ಬಳಕೆಗೆ ತಂದೆವು. ಕಾಲೇಜು ಮುಗಿಸುವುದಕ್ಕೆ ನಾವು ಪಾಸ್ ಔಟ್ ಎನ್ನುತ್ತೇವೆ. ಬ್ರಿಟಿಷ್ ಸೈನ್ಯದ ತರಬೇತಿ ಮುಗಿದಾಗ ನಡೆಯುವ ಕವಾಯತಿನ ಹೆಸರಿನಲ್ಲೂ ಇದೇ ಮಾತಿದೆ. ಅಮೆರಿಕದವರಿಗೆ ಅದು ಪ್ರಜ್ಞೆ ತಪ್ಪಿ ಬೀಳು ಎಂದೇ ಮೊದಲು ಕೇಳಿಸುತ್ತದೆ.

ಕೊನೆಯ ಮಾತು

ಈಗ ನಾನು ಒಂದು ತಂಡ ನೋಡಿಕೊಳ್ಳುತ್ತೇನೆ. ಉತ್ತರ ಭಾರತದಿಂದ ಬಂದ ಸಹೋದ್ಯೋಗಿಯೊಬ್ಬರು ಆಸಕ್ತಿಯಿಂದ ಕನ್ನಡ ಕಲಿಯುತ್ತಿದ್ದಾರೆ. ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿದರು: ಹೇಳು ಅಂದರೆ ಗೊತ್ತು, ಕೊಡು ಅಂದರೂ ಗೊತ್ತು. ಹೇಳಿಕೊಡು ಅಂದರೆ ಕಲಿಸು ಹೇಗಾಯಿತು? ಹೇಳಿಕೊಳ್ಳು ಅಂದರೆ ಯಾಕೆ ಬೇರೆ? ನೋಡು ಸರಿ, ಮಗುವನ್ನು ನೋಡಿಕೊ ಅಂದರೆ ಏನು? ನಾನು ಬಾಯಿ ತೆರೆದೆ. ಹೊರಗೆ ಬರಲಿದ್ದ ಮಾತು "ಇದಕ್ಕೆ ರೂಲು ಇಲ್ಲ, ಬಾಯಿಪಾಠ ಮಾಡಿ" ಎಂಬುದೇ. ನಗು ಬಂತು, ನಮ್ಮ ಮೇಷ್ಟ್ರು ನೆನಪಾದರು. ಆಮೇಲೆ ಇಬ್ಬರೂ ಕಾಗದ ತೆಗೆದುಕೊಂಡು ಲುಕ್ ಆಫ್ಟರ್ ಪಕ್ಕದಲ್ಲಿ ನೋಡಿಕೊ, ಫೈಂಡ್ ಔಟ್ ಪಕ್ಕದಲ್ಲಿ ಕಂಡುಹಿಡಿ ಎಂದು ಬರೆಯುತ್ತ ಕುಳಿತೆವು.

ಈಗ ಈ ಶಾಲೆಯಲ್ಲಿ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ನನ್ನ ಮಾತು ಇಷ್ಟೇ. ಈ ಪುಟ್ಟ ಪದಗಳ ಮುಂದೆ ಎಡವಿದರೆ ನಾಚಬೇಡಿ. ಒಬ್ಬರ ಭಾಷೆ ಒಬ್ಬರಿಗೆ ಸರಿಯಾಗಿ ಬಾರದ ರೈತರು, ನಾವಿಕರು, ಸಂತೆಗೆ ಬಂದವರು ಸೇರಿ ಬೆಳೆಸಿದ ಮಾತು ಇದು. ಅವರಲ್ಲಿ ಯಾರೂ ಯಾವ ಮೀಡಿಯಮ್ಮಿನಲ್ಲೂ ಓದಿದವರಲ್ಲ. ನೋಟ್‌ಬುಕ್ಕಿನ ಎಡಕ್ಕೆ ಜೋಡಿ ಪದ ಬರೆಯಿರಿ, ಬಲಕ್ಕೆ ಕನ್ನಡದ ಜೋಡಿ ಪದ ಬರೆಯಿರಿ, ಕೆಳಗೆ ನಿಮ್ಮದೇ ಒಂದು ವಾಕ್ಯ ಬರೆಯಿರಿ. ಎರಡು ಅರ್ಥ ಹೊಳೆದರೆ ಕೇಳಿಬಿಡಿ. ಆ ಶುಕ್ರವಾರ ನಾನು ಮರುಮೇಲ್ ಕಳಿಸಿ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಇಂಗ್ಲಿಷ್ ಬಾರದ್ದಕ್ಕಿಂತ, ಬಾರದೆಂದು ತಿಳಿದುಬಿಡುತ್ತದಲ್ಲ ಎಂಬ ಅಂಜಿಕೆಯೇ ಅಂದು ನನ್ನನ್ನು ಕೆಡವಿತು.

ಕರಿಹಲಗೆಯ ಮೇಲೆ ಆ ನಾಲ್ಕು ಸಾಲು ಬರೆದ ಮೇಷ್ಟ್ರಿಗೆ, ಉಪಸರ್ಗ ಕಲಿಸಿದ ಕನ್ನಡ ಪಂಡಿತರಿಗೆ, ಐವತ್ತು ವರ್ಷ ತುಂಬಿದ ನನ್ನ ಶಾಲೆಗೆ ನಮಸ್ಕಾರ.